ತೆಳು ಪೈಪಿನ ಬೆಸುಗೆ: ಕೈ ಎತ್ತುವ ಹೊತ್ತು

ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರ ಮನೆಗಳಲ್ಲಿ ಕಾಯಿಗೆಂದೇ ಒಂದು ಅಟ್ಟ ಇರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಒಳಗೆ ಉಂಡೆ ಉರುಳುವ ಸದ್ದು ಬರುವ ತನಕ ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ ಇರಬೇಕು. ಅಷ್ಟು ಕಾಲವೂ ಅಟ್ಟದಲ್ಲಿ ಗಾಳಿಯಾಡಬೇಕು, ಇಲಿ ಹೆಗ್ಗಣಗಳು ಮಾತ್ರ ಒಳಗೆ ಬರಬಾರದು. ನಮ್ಮ ಅಟ್ಟದ ಆರು ಕಿಟಕಿಗಳ ಮರದ ಚೌಕಟ್ಟುಗಳನ್ನು ಗೆದ್ದಲು ತಿಂದು ಹಾಕಿದ ಮೇಲೆ, ಅವುಗಳ ಜಾಗಕ್ಕೆ ಒಂದಿಂಚಿನ ಚೌಕ ಪೈಪಿನ ಚೌಕಟ್ಟು ಮಾಡಿ ಜಾಲರಿ ಕೂರಿಸುವುದೆಂದು ತೀರ್ಮಾನವಾಯಿತು. ಪೇಟೆಯ ಅಂಗಡಿಗೆ ಕೊಟ್ಟಿದ್ದರೆ ಒಂದೇ ದಿನದ ಕೆಲಸ. ಆದರೆ ತೋಟವಿದ್ದ ಮೇಲೆ ವರ್ಷವಿಡೀ ಏನಾದರೊಂದು ಮುರಿಯುತ್ತಲೇ ಇರುತ್ತದೆ, ಒಂದೊಂದು ಗೇಟಿಗೂ ಒಂದೊಂದು ಸ್ಟ್ಯಾಂಡಿಗೂ ಪೇಟೆಗೆ ಹೊತ್ತುಕೊಂಡು ಹೋಗುವ ಬದಲು ಈ ವಿದ್ಯೆಯನ್ನು ಕಲಿತೇಬಿಡಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಹಾಗಾಗಿ ಇನ್ನೂರು ಆಂಪಿಯರಿನ ಒಂದು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನು ಮನೆಗೆ ಬಂತು.

ನಾನು ಆರಿಸಿಕೊಂಡ ಪೈಪು ಹೊಸಬರ ಕೈಗೆ ಕೊಡುವಂಥದ್ದಲ್ಲ ಎಂದು ಆಗ ತಿಳಿದಿರಲಿಲ್ಲ. ಅದು 18 ಗೇಜಿನ ಪೈಪು, ಅಂದರೆ ಅದರ ಗೋಡೆಯ ದಪ್ಪ ಹೆಚ್ಚುಕಡಿಮೆ 1.2 ಮಿಲಿಮೀಟರ್. ಗೇಜಿನ ಲೆಕ್ಕದಲ್ಲಿ ಸಂಖ್ಯೆ ಏರಿದಂತೆ ತಗಡು ತೆಳ್ಳಗಾಗುತ್ತದೆ. 16 ಗೇಜು ಎಂದರೆ 1.6 ಮಿಲಿಮೀಟರ್, 20 ಗೇಜು ಎಂದರೆ 0.9. ಓದಲು ಈ ವ್ಯತ್ಯಾಸ ಕೂದಲೆಳೆಯಷ್ಟೇ ಕಾಣುತ್ತದೆ, ಆದರೆ ರಾಡು ಸಿಕ್ಕಿಸುವ ಹಿಡಿಯನ್ನು, ಅಂದರೆ ಹೋಲ್ಡರನ್ನು, ಹಿಡಿದ ಕೈಗೆ ಒಂದೊಂದು ಗೇಜೂ ಬೇರೆಯದೇ ಕೆಲಸ. ಮೊದಲ ಭಾನುವಾರ ಎರಡು ತುಂಡು ಪೈಪನ್ನು ಜೋಡಿಸಿ, ತಾನೇ ಕರಗಿ ಬೆಸುಗೆಯಾಗುವ ಲೇಪದ ಕಡ್ಡಿಯನ್ನು, ಅಂದರೆ ರಾಡನ್ನು, ತಾಗಿಸಿದ ಕ್ಷಣದಲ್ಲಿ ಚಿಟಚಿಟ ಎಂದು ಬೆಳಕು ಹೊತ್ತಿತು, ಹೆಲ್ಮೆಟ್ಟಿನ ಕಪ್ಪು ಗಾಜಿನ ಹಿಂದಿನಿಂದ ಏನೋ ಕೆಂಪಗೆ ಕುಸಿದಂತೆ ಕಂಡಿತು. ಹೆಲ್ಮೆಟ್ ತೆಗೆದು ನೋಡಿದರೆ ಬೆಸುಗೆ ಇರಬೇಕಾದ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಆ ತೂತನ್ನು ಮುಚ್ಚಲು ಹೋದಷ್ಟೂ ಅದು ಹಿಗ್ಗುತ್ತ ಹೋಗಿ, ಕೊನೆಗೆ ಪೈಪಿನ ತುದಿಯೇ ಕರಗಿ ಬಿತ್ತು.

ಹೀಗೇಕೆ ಆಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದಾಗಲೇ ನನಗೆ ಮನವರಿಕೆಯಾದದ್ದು. ಐವತ್ತು ಆಂಪಿಯರಿನಲ್ಲಿ ಬೆಸೆಯುವಾಗ ರಾಡಿನ ತುದಿಗೂ ಲೋಹಕ್ಕೂ ನಡುವೆ ಸುಮಾರು ಇಪ್ಪತ್ತೆರಡು ವೋಲ್ಟ್ ಇರುತ್ತದೆ, ಎರಡನ್ನೂ ಗುಣಿಸಿದರೆ ಸಾವಿರದ ನೂರು ವ್ಯಾಟ್. ಬಚ್ಚಲ ಮನೆಯ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರಿನದೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಒಂದು ಬಕೆಟ್ ನೀರು ಕಾಯಿಸಲು ಅದಕ್ಕೆ ಅರ್ಧ ಗಂಟೆಯ ಹತ್ತಿರ ಬೇಕು. ಆ ಬಿಸಿಯನ್ನೆಲ್ಲ ಒಂದು ಹೆಸರುಕಾಳಿನಷ್ಟು ಜಾಗಕ್ಕೆ ಸುರಿದರೆ ಏನಾಗಬಹುದು? ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಸಾಕು. ದಪ್ಪ ಪಟ್ಟಿಯಾದರೆ ಸುತ್ತಲಿನ ಲೋಹ ಆ ಬಿಸಿಯನ್ನು ಎಳೆದುಕೊಂಡು ಹಂಚಿಕೊಳ್ಳುತ್ತದೆ. 1.2 ಮಿಲಿಮೀಟರ್ ಗೋಡೆಗೆ ಹಾಗೆ ಹಂಚಿಕೊಳ್ಳಲು ಮೈಯೇ ಇಲ್ಲ. ಅದರಲ್ಲೂ ಕತ್ತರಿಸಿದ ಅಂಚಿಗೆ ಬಿಸಿ ಹೋಗಲು ಒಂದೇ ದಿಕ್ಕು, ಆದ್ದರಿಂದ ಮೊದಲು ಕುಸಿಯುವುದು ಯಾವಾಗಲೂ ಅಂಚೇ.

ಎರಡು ಭಾನುವಾರ ಹೀಗೆ ಪೈಪು ಹಾಳು ಮಾಡಿದ ಮೇಲೆ, ಬಿ.ಹೆಚ್. ರಸ್ತೆಯ ಪಕ್ಕದಲ್ಲಿ ಗೇಟು ಗ್ರಿಲ್ಲು ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಹೋಗಿ ಕುಳಿತೆ. ಅವರು ನನ್ನ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಮೊದಲು ಕೇಳಿದ್ದು ರಾಡು ಯಾವುದು ಎಂದು. ನಾನು ಅಂಗಡಿಯವನು ಕೊಟ್ಟ 10 ನಂಬರ್ ರಾಡನ್ನು ತಂದಿದ್ದೆ, ಅದರ ದಪ್ಪ 3.15 ಮಿಲಿಮೀಟರ್. "ಇದು ಆಂಗಲ್ ಕಬ್ಬಿಣಕ್ಕೆ ಸ್ವಾಮಿ. ಈ ಪೈಪಿಗೆ 12 ನಂಬರ್ ತನ್ನಿ, ಸಿಕ್ಕರೆ ಅದಕ್ಕೂ ಸಣ್ಣದು ತನ್ನಿ" ಎಂದರು. 12 ನಂಬರ್ ಎಂದರೆ ಎರಡೂವರೆ ಮಿಲಿಮೀಟರ್ ರಾಡು. ಅದಕ್ಕೂ ಸಣ್ಣದಾದ ಎರಡು ಮಿಲಿಮೀಟರ್ ರಾಡು ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ, ನಾನು ಹುಡುಕಿ ತರಿಸಿಕೊಂಡೆ. ರಾಡು ದಪ್ಪವಾದಷ್ಟೂ ಅದನ್ನು ಉರಿಸಲು ಹೆಚ್ಚು ಆಂಪಿಯರ್ ಬೇಕು, ಆಂಪಿಯರ್ ಕಡಿಮೆ ಮಾಡಿದರೆ ದಪ್ಪ ರಾಡು ಹೊತ್ತಿಕೊಳ್ಳದೆ ಪೈಪಿಗೆ ಅಂಟಿಕೊಂಡು ನಿಲ್ಲುತ್ತದೆ. ಮೊದಲ ದಿನ ನಾನು ಸಿಕ್ಕಿಕೊಂಡಿದ್ದು ಈ ಇಕ್ಕಟ್ಟಿನಲ್ಲೇ. ಎರಡೂವರೆಯ ರಾಡನ್ನು ನಾನೀಗ ಅರವತ್ತರ ಆಸುಪಾಸಿನಲ್ಲಿ ಇಡುತ್ತೇನೆ, ಎರಡರ ರಾಡನ್ನು ನಲವತ್ತೈದರಲ್ಲಿ. ಮಷೀನಿನ ಮೇಲಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ, ಪ್ರತಿ ಸಲವೂ ಅದೇ ಪೈಪಿನ ಒಂದು ತುಂಡಿನ ಮೇಲೆ ಹಚ್ಚಿ ನೋಡಿಯೇ ಮುಂದುವರಿಯಬೇಕು.

ರಾಡಿನ ಪೊಟ್ಟಣದ ಮೇಲೆ ಇ6013 ಎಂದು ಬರೆದಿರುತ್ತದೆ. 60 ಎಂದರೆ ಬೆಸೆದ ಲೋಹವು ಚದರ ಇಂಚಿಗೆ 60,000 ಪೌಂಡು ಎಳೆತವನ್ನು ತಾಳುತ್ತದೆ ಎಂದರ್ಥ, ಮುಂದಿನ 1 ಎಂದರೆ ಎಲ್ಲ ಭಂಗಿಗಳಲ್ಲೂ ಬೆಸೆಯಬಹುದು ಎಂದರ್ಥ, ಕೊನೆಯ ಅಂಕಿ ಮೇಲಿನ ಲೇಪದ ಬಗೆಯನ್ನು ಹೇಳುತ್ತದೆ. ಈ ಲೇಪದ ಮುಖ್ಯ ವಸ್ತು ರೂಟೈಲ್ ಎಂಬ ಖನಿಜ, ಕೇರಳದ ಚವರ ಕಡಲತೀರದ ಮರಳಿನಲ್ಲೂ ಅದಿದೆ. ಲೇಪ ಉರಿದು ಬರುವ ಹೊಗೆಯು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ, ಕರಗಿದ ಲೇಪ ಮೇಲೆ ತೇಲಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. 6013ರ ಉರಿ ಮೆತ್ತನೆಯದು, ಆಳಕ್ಕೆ ಇಳಿಯುವುದು ಕಡಿಮೆ, ತೆಳು ತಗಡಿಗೆ ಈ ರಾಡನ್ನು ಹೇಳುವುದು ಅದಕ್ಕಾಗಿಯೇ. ಇನ್ವರ್ಟರ್ ಮಷೀನಿನಲ್ಲಿ ಹೋಲ್ಡರನ್ನು ಪ್ಲಸ್ಸಿಗಾಗಲಿ ಮೈನಸ್ಸಿಗಾಗಲಿ ಸಿಕ್ಕಿಸುವ ಅನುಕೂಲವೂ ಇದೆ. ಮೈನಸ್ಸಿಗೆ ಸಿಕ್ಕಿಸಿ, ಪೈಪಿಗೆ ಕಚ್ಚಿಸುವ ಅರ್ಥ್ ಕ್ಲಾಂಪನ್ನು ಪ್ಲಸ್ಸಿಗೆ ಕೊಟ್ಟರೆ ಬೆಸುಗೆ ಇನ್ನಷ್ಟು ಮೇಲೆಯೇ ನಿಲ್ಲುತ್ತದೆ, ತೂತು ಬೀಳುವುದು ಕಡಿಮೆಯಾಗುತ್ತದೆ. ಮೇಸ್ತ್ರಿಗಳ ಹಳೆಯ ಟ್ರಾನ್ಸ್‌ಫಾರ್ಮರ್ ಮಷೀನಿನಲ್ಲಿ ಈ ಆಯ್ಕೆಯೇ ಇಲ್ಲ, ಅವರು ಅದನ್ನೆಲ್ಲ ಕೈಯಿಂದಲೇ ಸರಿದೂಗಿಸುತ್ತಾರೆ.

ಆ ಕೈಯನ್ನು ಹತ್ತಿರದಿಂದ ನೋಡಿದ್ದು ನನ್ನ ಕಲಿಕೆಯಲ್ಲಿ ಅತ್ಯಂತ ದೊಡ್ಡ ಪಾಠ. ಅವರು ರಾಡನ್ನು ಎರಡೂ ಕೈಯಲ್ಲಿ ಆತು ಹಿಡಿದು, ಎಡ ಮುಂಗೈಯನ್ನು ಮೇಜಿನ ಅಂಚಿಗೆ ಊರಿ, ರಾಡಿನ ತುದಿಯನ್ನು ಅಂಚಿಗೆ ತೋರಿಸದೆ ಎದುರಿನ ಪೈಪಿನ ಗೋಡೆಯ ಕಡೆಗೆ ತೋರಿಸಿದರು. ಉರಿ ಹೊತ್ತಿದೊಡನೆ ಗೋಡೆಯ ಮೇಲೆ ಒಂದು ಹೊಳೆಯುವ ಹನಿ ಕಟ್ಟಿತು, ಆ ಹನಿ ಅಗಲವಾಗಿ ಅಂಚನ್ನು ಮುಟ್ಟಿ ಒಳಗೆ ಸೇರಿಸಿಕೊಂಡಿತು, ಅಷ್ಟರಲ್ಲಿ ಅವರ ಕೈ ಮೇಲೆದ್ದಿತ್ತು. ಹನಿಯ ಬಣ್ಣ ಬಿಳಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಮಂಕು ಕೆಂಪಿಗೆ ಇಳಿಯುವ ತನಕ ಕಾದು, ಅದರ ಮುಂದಿನ ಅಂಚಿನ ಮೇಲೆ ಇನ್ನೊಂದು ಹನಿ ಇಟ್ಟರು. ಹೀಗೆ ಒಂದರ ಮೇಲೊಂದು ಅರ್ಧ ಏರಿದ ಚುಕ್ಕೆಗಳ ಸಾಲಾಗಿ, ಮೀನಿನ ಹುರುಪೆಯಂತೆ ಬೆಸುಗೆ ಮುಗಿಯಿತು. "ಉರೀನ ನೋಡ್ಬೇಡಿ, ಉರಿ ಹಿಂದೆ ನಿಲ್ಲೋ ನೀರು ನೋಡಿ. ನೀರು ತುಂಬ್ತಾ? ಕೈ ಎತ್ತಿ" ಎಂದರು. ಕರಗಿದ ಲೋಹಕ್ಕೆ ಅವರು ನೀರು ಎನ್ನುತ್ತಾರೆ. ಅದುವರೆಗೆ ನಾನು ನೋಡುತ್ತಿದ್ದದ್ದು ಬರೀ ಬೆಳಕನ್ನು.

ನೀರನ್ನು ನೋಡಲು ಕಣ್ಣು ಪಳಗುವುದಕ್ಕೆ ನನಗೆ ಒಂದು ತಿಂಗಳೇ ಹಿಡಿಯಿತು. ತೊಂದರೆ ಏನೆಂದರೆ, 6013ರಲ್ಲಿ ಕರಗಿದ ಕಿಟ್ಟವೂ ಲೋಹದ ಜೊತೆಯಲ್ಲೇ ಹರಿಯುತ್ತದೆ, ಎರಡೂ ಹೊಳೆಯುತ್ತವೆ. ಸ್ವಲ್ಪ ಗಮನಿಸಿದರೆ ಲೋಹದ ಹನಿ ಗಟ್ಟಿಯಾದ ಅಂಚಿನೊಡನೆ ಕನ್ನಡಿಯಂತೆ ನಿಂತಿರುವುದೂ, ಕಿಟ್ಟವು ಅದರ ಹಿಂದೆ ಪಾಕದಂತೆ ಜಾರಾಡುವುದೂ ತಿಳಿಯುತ್ತದೆ. ರಾಡನ್ನು ಮುಂದಕ್ಕೆ ವಾಲಿಸಿ ಎಳೆದುಕೊಂಡು ಹೋದರೆ ಕಿಟ್ಟ ಹಿಂದೆ ಉಳಿಯುತ್ತದೆ, ವಾಲಿಕೆ ತಪ್ಪಿದರೆ ಅದು ಮುಂದೆ ನುಗ್ಗಿ ಬೆಸುಗೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಕಿಟ್ಟ ಸಿಕ್ಕಿಕೊಂಡದ್ದಾಗಲಿ, ಬೆಸುಗೆ ಹಿಡಿಯದೆ ಉಳಿದದ್ದಾಗಲಿ ಹೊರಗಿನಿಂದ ಕಾಣುವುದಿಲ್ಲ ಎಂಬುದೇ ಭಯದ ವಿಷಯ. ಒಂದು ದಿನ ನನಗೆ ಬಹಳ ಚೆನ್ನಾಗಿ ಬಂದಿದೆ ಅನ್ನಿಸಿದ ಒಂದು ಮೂಲೆಯನ್ನು ವೈಸಿಗೆ ಹಾಕಿ ಸುತ್ತಿಗೆಯಿಂದ ಹೊಡೆದೆ. ಎರಡನೆಯ ಏಟಿಗೆ ಬೆಸುಗೆಯು ಒಂದು ಪೈಪಿಗೆ ಅಂಟಿಕೊಂಡೇ ಇನ್ನೊಂದರಿಂದ ಹಾಗೇ ಎದ್ದು ಬಂತು. ಎದ್ದು ಬಂದ ಕಡೆ ಪೈಪಿನ ಮೇಲೆ ಕತ್ತರಿಸುವಾಗ ಗ್ರೈಂಡರ್ ಮಾಡಿದ ಗೀರುಗಳು ಸಹ ಅಳಿಯದೆ ಉಳಿದಿದ್ದವು. ಅಂದರೆ ಆ ಪೈಪು ಕರಗಿಯೇ ಇರಲಿಲ್ಲ. ರಾಡಿನ ಲೋಹ ಅದರ ಮೇಲೆ ಹೋಗಿ ಕೂತಿತ್ತು ಅಷ್ಟೇ. ತೂತು ಬೀಳುವ ಹೆದರಿಕೆಯಿಂದ ನಾನು ಆಂಪಿಯರನ್ನು ತೀರಾ ಇಳಿಸಿದ್ದೆ. ಬಿಸಿ ಹೆಚ್ಚಾದರೆ ತೂತು, ಕಡಿಮೆಯಾದರೆ ಬರೀ ಅಂಟು, ತೆಳು ಪೈಪಿನಲ್ಲಿ ಇವೆರಡರ ನಡುವೆ ಇರುವುದು ಅರ್ಧ ಸೆಕೆಂಡಿನಷ್ಟು ಜಾಗ. ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇದು: ಆಂಪಿಯರನ್ನು ಹೆದರಿ ಇಳಿಸುವುದಿಲ್ಲ, ಹನಿ ಎರಡೂ ಕಡೆ ತಿನ್ನುವಷ್ಟು ಇಡುತ್ತೇನೆ, ಉಳಿತಾಯವನ್ನು ಹೊತ್ತಿನಲ್ಲಿ ಮಾಡುತ್ತೇನೆ. ದಿನಕ್ಕೊಂದು ತುಂಡನ್ನಾದರೂ ಮುರಿದು ನೋಡುತ್ತೇನೆ.

ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಈ ವಿಧಾನವನ್ನು ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಪ್ರತಿ ಸಲ ಉರಿ ಆರಿಸಿ ಮತ್ತೆ ಹೊತ್ತಿಸುವಾಗ ಹಿಂದಿನ ಚುಕ್ಕೆಯ ಮೇಲಿನ ಕಿಟ್ಟ ಒಳಗೆ ಸೇರುವ, ಗಾಳಿಗುಳ್ಳೆ ಉಳಿಯುವ ಸಂಭವ ಇರುತ್ತದೆ. ಕಿಟಕಿಯ ಚೌಕಟ್ಟು, ಗಿಡದ ಸ್ಟ್ಯಾಂಡು, ಕೋಳಿಗೂಡಿನ ಬಾಗಿಲು ಇಂಥವಕ್ಕೆ ಇದು ಸಾಕು. ಮನುಷ್ಯ ಹತ್ತುವ ಏಣಿ, ಟ್ರೇಲರಿನ ಕೊಂಡಿ, ಒತ್ತಡ ತಾಳಬೇಕಾದ ಟ್ಯಾಂಕು, ಇವುಗಳನ್ನು ನಾನು ಮುಟ್ಟುವುದಿಲ್ಲ, ಕಲಿಯುತ್ತಿರುವ ಯಾರೂ ಮುಟ್ಟಬಾರದು. ನಿಂತ ಪೈಪನ್ನು ಬೆಸೆಯುವಾಗ ಮೇಲಿನಿಂದ ಕೆಳಕ್ಕೆ ಬೇಗ ಎಳೆದರೆ ಬಿಸಿ ಆಳಕ್ಕೆ ಇಳಿಯುವುದಿಲ್ಲ, ಉರಿ ಆರಿಸುವ ಅಗತ್ಯವೂ ಬೀಳುವುದಿಲ್ಲ. ಅದನ್ನು ಈಗೀಗ ಅಭ್ಯಾಸ ಮಾಡುತ್ತಿದ್ದೇನೆ.

ಇಷ್ಟಾದರೂ ಬೆಸುಗೆಯ ಅರ್ಧ ಯಶಸ್ಸು ಮಷೀನು ಹಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ. ನನ್ನ ಮೊದಲ ಮೂಲೆಗಳಲ್ಲಿ ಎರಡು ಪೈಪುಗಳ ನಡುವೆ ಕಾಸಿನ ದಪ್ಪದ ಸಂದು ಇರುತ್ತಿತ್ತು, ಬೆಸೆಯುವಾಗ ತುಂಬಿಕೊಳ್ಳುತ್ತದೆ ಎಂದು ಭಾವಿಸಿದ್ದೆ. ತೆಳು ಪೈಪಿನಲ್ಲಿ ಸಂದು ತುಂಬಿಕೊಳ್ಳುವುದಿಲ್ಲ, ಅದೇ ತೂತಿನ ಬಾಯಿಯಾಗುತ್ತದೆ. ಈಗ ಮೂಲೆಮಟ್ಟ ಇಟ್ಟು ಗೆರೆ ಎಳೆದು, ಕತ್ತರಿಸಿ, ಅರದಿಂದ ಉಜ್ಜಿ, ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ತೂರದಷ್ಟು ಕೂಡಿಸುತ್ತೇನೆ. ಅನಿವಾರ್ಯವಾಗಿ ಸಂದು ಉಳಿದುಬಿಟ್ಟರೆ ಮೇಸ್ತ್ರಿಗಳು ತೋರಿಸಿದ ಒಂದು ಉಪಾಯವಿದೆ: ಇನ್ನೊಂದು ರಾಡಿನ ಲೇಪವನ್ನು ಪೂರ್ತಿ ಉದುರಿಸಿ, ಒಳಗಿನ ತಂತಿಯನ್ನು ಸಂದಿನಲ್ಲಿ ಮಲಗಿಸಿ, ಅದರ ಮೇಲೆ ಬೆಸೆಯುವುದು. ಬಿಸಿಯ ಪಾಲನ್ನು ಆ ತಂತಿ ತೆಗೆದುಕೊಳ್ಳುತ್ತದೆ, ಪೈಪು ಉಳಿಯುತ್ತದೆ. ಬಿದ್ದುಹೋದ ತೂತನ್ನು ಮುಚ್ಚಲು, ಅದು ಪೂರ್ತಿ ಆರುವ ತನಕ ಕಾದು, ಕಿಟ್ಟ ಕೆರೆದು, ತೂತಿನ ಅಂಚಿನ ಸುತ್ತ ಒಂದೊಂದೇ ಚುಕ್ಕೆ ಇಡುತ್ತ ನಡುವಿಗೆ ಬರಬೇಕು. ಹಿಂದಿನಿಂದ ತಾಮ್ರದ ಪಟ್ಟಿಯನ್ನು ಒತ್ತಿ ಹಿಡಿಯಲು ಜಾಗವಿದ್ದರೆ ಇನ್ನೂ ಒಳ್ಳೆಯದು, ತಾಮ್ರ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಉಕ್ಕಿನ ಬೆಸುಗೆ ಅದಕ್ಕೆ ಅಂಟುವುದೂ ಇಲ್ಲ.

ಸೆಟೆದುಕೊಳ್ಳುವುದು ಇನ್ನೊಂದು ಕಾಟ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಅಕ್ಕಪಕ್ಕದ ಪೈಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ನನ್ನ ಚೌಕಟ್ಟಿಗೆ ಎರಡು ಕರ್ಣಗಳೂ 108 ಸೆಂಟಿಮೀಟರ್ ಚಿಲ್ಲರೆ ಬಂದು ಸಮವಾಗಿರಬೇಕು. ಮೊದಲನೆಯದರಲ್ಲಿ ಒಂದು ಮೂಲೆಯನ್ನು ಪೂರ್ತಿ ಬೆಸೆದು ಇನ್ನೊಂದಕ್ಕೆ ಹೋದದ್ದರಿಂದ ಕರ್ಣಗಳ ನಡುವೆ ಏಳು ಮಿಲಿಮೀಟರ್ ವ್ಯತ್ಯಾಸ ಬಂದು, ಕಿಟಕಿಯ ಗೂಡಿನಲ್ಲಿ ಅದು ಕೂರಲೇ ಇಲ್ಲ. ಈಗ ನಾಲ್ಕೂ ಮೂಲೆಗೆ ಎರಡೆರಡು ಟಾಕು, ಅಂದರೆ ಸದ್ಯಕ್ಕೆ ಹಿಡಿದು ನಿಲ್ಲಿಸುವ ಸಣ್ಣ ಬೆಸುಗೆ ಚುಕ್ಕೆ, ಹಾಕಿ, ಟೇಪು ಹಿಡಿದು ಕರ್ಣ ಅಳೆದು, ವ್ಯತ್ಯಾಸವಿದ್ದರೆ ಉದ್ದನೆಯ ಕರ್ಣದ ಮೂಲೆಯನ್ನು ಮರದ ಕೊಡತಿಯಿಂದ ತಟ್ಟಿ ಸರಿಮಾಡಿ, ಆಮೇಲೆ ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬೆಸೆಯುತ್ತೇನೆ.

ಕಣ್ಣಿನ ವಿಷಯವನ್ನು ಬರೆಯದೆ ಇರಲಾರೆ. ನಾಲ್ಕನೆಯ ವಾರದಲ್ಲಿ, ಎರಡು ಟಾಕು ಮಾತ್ರ ತಾನೇ ಎಂದು ಹೆಲ್ಮೆಟ್ ಹಾಕದೆ ಕಣ್ಣು ಮುಚ್ಚಿಕೊಂಡು ರಾಡು ತಾಗಿಸಿದೆ, ಹಾಗೆ ಆರೇಳು ಬಾರಿ ಆಗಿರಬೇಕು. ಸಂಜೆಯ ತನಕ ಏನೂ ಇರಲಿಲ್ಲ. ರಾತ್ರಿ ಒಂದು ಗಂಟೆಗೆ ರೆಪ್ಪೆಯೊಳಗೆ ಮರಳು ತುಂಬಿದಂತೆ ಉರಿ ಶುರುವಾಗಿ, ಕಣ್ಣು ತೆರೆಯಲೂ ಮುಚ್ಚಲೂ ಆಗದೆ ಬೆಳಗಾಯಿತು. ಬೆಸುಗೆಯ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಕಣ್ಣಿನ ಹೊರಪದರವನ್ನು ಸುಡುತ್ತವೆ, ಹಲವು ಗಂಟೆಗಳ ನಂತರವೇ ನೋವು ಕಾಣಿಸಿಕೊಳ್ಳುತ್ತದೆ. ಆಲೂಗಡ್ಡೆಯ ಬಿಲ್ಲೆ ಇಡಿ, ಎದೆಹಾಲು ಹಾಕಿ ಎಂದು ಮನೆಗೆ ಬಂದವರೆಲ್ಲ ಹೇಳಿದರು. ಕಣ್ಣಿನೊಳಗೆ ಏನನ್ನೂ ಹಾಕದೆ, ಉಜ್ಜದೆ, ಕಣ್ಣಿನ ಡಾಕ್ಟರ ಬಳಿಗೆ ಹೋಗುವುದೇ ಸರಿ. ಎರಡು ದಿನದಲ್ಲಿ ವಾಸಿಯಾಯಿತು. ಈಗ ತಾನಾಗಿ ಕಪ್ಪಾಗುವ ಹೆಲ್ಮೆಟ್ ಇದೆ, ಛಾಯೆಯನ್ನು 10ಕ್ಕೆ ಇಟ್ಟಿದ್ದೇನೆ, ನೋಡಲು ಬರುವ ಮಕ್ಕಳನ್ನು ದೂರ ಕಳಿಸುತ್ತೇನೆ.

ಹೊಗೆಯ ಪಾಠ ಜಾಲರಿಯಿಂದ ಬಂತು. ಜಾಲರಿಗೆ ಸತುವಿನ ಲೇಪ ಇರುತ್ತದೆ, ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಉಕ್ಕು ಕರಗುವ ಬಹಳ ಮೊದಲೇ ಅದು ಬಿಳಿ ಹೊಗೆಯಾಗಿ ಎದ್ದು, ಬೆಸುಗೆಯನ್ನೂ ಚಿಮ್ಮಿಸಿ ಕೆಡಿಸುತ್ತದೆ. ಆ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಅಂಗಡಿಗಳಲ್ಲಿ ಬಲವಾಗಿದೆ, ಆದರೆ ಶ್ವಾಸಕೋಶಕ್ಕೆ ಹೋದದ್ದನ್ನು ಹೊಟ್ಟೆಗೆ ಹೋದ ಹಾಲು ತೊಳೆಯಲಾರದು. ನಾನು ಜಾಲರಿಯನ್ನು ಬೆಸೆಯುವುದನ್ನೇ ಬಿಟ್ಟು, ಚೌಕಟ್ಟಿಗೆ ತೂತು ಕೊರೆದು ಪಟ್ಟಿ ಇಟ್ಟು ಸ್ಕ್ರೂನಿಂದ ಬಿಗಿದೆ. ಮುಂದೆ ಜಾಲರಿ ತುಕ್ಕು ಹಿಡಿದಾಗ ಬದಲಿಸುವುದೂ ಸುಲಭ.

ನಮ್ಮಂಥ ಕಡೆ ಬೆಂಕಿಯ ಭಯ ಬೇರೆ. ಅಂಗಳದ ತುಂಬ ಕಾಯಿ ಸಿಪ್ಪೆ, ನಾರು, ಒಣಗಿದ ಗರಿ. ಗ್ರೈಂಡರಿನ ಕಿಡಿ ಬಹಳ ದೂರ ಹಾರುತ್ತದೆ, ನಾರಿನೊಳಗೆ ಸೇರಿದ ಕಿಡಿ ಗಂಟೆಗಟ್ಟಲೆ ಹೊಗೆಯಾಡುತ್ತ ಇದ್ದು ಆಮೇಲೆ ಹೊತ್ತಿಕೊಳ್ಳಬಹುದು. ಆದ್ದರಿಂದ ಕೆಲಸವನ್ನು ಅಟ್ಟದಿಂದ ದೂರ, ಗುಡಿಸಿ ನೀರು ಚಿಮುಕಿಸಿದ ಸಿಮೆಂಟು ನೆಲದ ಮೇಲೆ, ಶಾಕ್ ಹೊಡೆಯದಂತೆ ಒಣಗಿದ ಹಲಗೆಯೊಂದರ ಮೇಲೆ ನಿಂತು ಮಾಡುತ್ತೇನೆ, ಮುಗಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಇರುತ್ತೇನೆ.

ಆರು ಚೌಕಟ್ಟುಗಳಲ್ಲಿ ಐದು ಈಗ ಕಿಟಕಿಗಳಲ್ಲಿ ಕೂತಿವೆ. ಮೊದಲನೆಯದನ್ನು ಮತ್ತೆ ಕತ್ತರಿಸಿ ಸರಿಮಾಡಿದ್ದರಿಂದ ಅದರ ಎಡ ಮೂಲೆಯಲ್ಲಿ ಮೂರು ಮುಚ್ಚಿದ ತೂತುಗಳ ಗಂಟುಗಳಿವೆ, ಅವನ್ನು ಉಜ್ಜಿ ಸಮ ಮಾಡದೆ ಹಾಗೇ ರೆಡ್ ಆಕ್ಸೈಡ್ ಬಳಿದಿದ್ದೇನೆ. ಐದನೆಯದರ ನಾಲ್ಕು ಮೂಲೆಗಳಲ್ಲಿ ಒಂದು ತೂತೂ ಬೀಳಲಿಲ್ಲ. ಮೇಸ್ತ್ರಿಗಳು ಅಟ್ಟ ಹತ್ತಿ ಬಂದು, ಬೆಸುಗೆಯ ಮೇಲೆ ಬೆರಳಾಡಿಸಿ, ಒಂದು ಮೂಲೆಯಲ್ಲಿ ನಿಲ್ಲಿಸಿ, "ಇಲ್ಲಿ ಒಂದ್ ಚುಕ್ಕೆ ಜಾಸ್ತಿ ಹೊತ್ತು ನಿಂತಿದೀರಿ" ಎಂದರು. ನೋಡಿದರೆ ನಿಜ, ಅಲ್ಲಿ ಪೈಪಿನ ಗೋಡೆ ಒಳಕ್ಕೆ ಸ್ವಲ್ಪ ತಗ್ಗಿತ್ತು. ಆರನೆಯ ಚೌಕಟ್ಟಿನ ಪೈಪು ಕತ್ತರಿಸಿ ಆಗಿದೆ, ಬರುವ ಭಾನುವಾರ ಬೆಳಿಗ್ಗೆ, ಊರಿನ ಪಂಪುಗಳೆಲ್ಲ ಓಡಲು ಶುರುವಾಗಿ ವೋಲ್ಟೇಜು ಇಳಿಯುವ ಮೊದಲು, ಅದಕ್ಕೆ ಟಾಕು ಹಾಕಬೇಕು.